ಅಮೆರಿಕದ ಪಾವಲಿ

ಸಮ್ಮೇಳನದ ಸ್ಮರಣಸಂಚಿಕೆಗೆ ಲೇಖನ ಬೇಕೆಂದು ಸಂಘದ ಮಿತ್ರರು ಮನೆಗೆ ಬಂದಾಗ, ಗಡಿನಾಡಿನ ಕನ್ನಡ ಶಾಲೆಗಳ ಸ್ಥಿತಿಗತಿಯ ಕುರಿತೋ ಗೋವಿಂದ ಪೈಗಳ ಕುರಿತೋ ನಾವು ಬರೆಯುತ್ತೇವೆಂದು ಅವರು ನಿರೀಕ್ಷಿಸಿದ್ದಿರಬೇಕು. ಆ ವಿಷಯಗಳನ್ನು ನಮಗಿಂತ ಬಲ್ಲವರು ಹಿಂದಿನ ಸಂಚಿಕೆಗಳಲ್ಲಿ ಬರೆದಿದ್ದಾರೆ. ನಾವೂ ಒಂದೆರಡು ಬಾರಿ ಬರೆದಿದ್ದೇವೆ. ಈ ಸಲ ಒಂದು ನಾಣ್ಯದ ಕುರಿತು ಬರೆಯುತ್ತೇವೆ ಎಂದೆವು. ಅದೂ ನಮ್ಮ ದೇಶದ ನಾಣ್ಯವಲ್ಲ, ಅಮೆರಿಕದ ಕಾಲು ಡಾಲರು. "ಅದಕ್ಕೂ ನಮಗೂ ಎಂತ ಸಂಬಂಧ ಮಾಸ್ಟ್ರೇ?" ಎಂದು ಮಿತ್ರರು ನಕ್ಕರು. ನಲವತ್ತಕ್ಕೂ ಹೆಚ್ಚು ವರ್ಷಗಳ ಹಿಂದೆ ನಾವು ಒಂದು ಕಾಗದದ ಚೂರಿನ ಮೇಲೆ ಬರೆದ ಒಂದು ಪದವೇ ಆ ಸಂಬಂಧ. ಆ ಪದ ತಪ್ಪಾಗಿತ್ತು.

ಅದು 1979ನೆಯ ಇಸವಿ. ಕಾಸರಗೋಡು ತಾಲೂಕಿನ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ನಾವು ಸಮಾಜಪಾಠದ ಅಧ್ಯಾಪಕರಾಗಿ ಸೇರಿ ನಾಲ್ಕು ವರ್ಷವಾಗಿತ್ತು. ವಾರ್ಷಿಕೋತ್ಸವಕ್ಕೆ ಒಂದು ವಸ್ತುಪ್ರದರ್ಶನ ಏರ್ಪಡಿಸುವ ಭಾರ ನಮ್ಮ ಮೇಲೆ ಬಿತ್ತು. ಹೊಸ ಉತ್ಸಾಹ, ಮನೆಮನೆಗೆ ಹೋಗಿ ತಾಳೆಗರಿ, ಸೇರು, ಪಾವು, ಹಳೆಯ ದೀಪ, ಯಕ್ಷಗಾನದ ಕಿರೀಟ ಎಲ್ಲವನ್ನೂ ಹೊತ್ತು ತಂದೆವು. ನಾಣ್ಯಗಳಿಗೆಂದು ಒಂದು ಗಾಜಿನ ಪೆಟ್ಟಿಗೆ ಮಾಡಿಸಿದೆವು. ವಿಕ್ಟೋರಿಯಾ ರಾಣಿಯ ರೂಪಾಯಿ, ನಡುವೆ ತೂತಿದ್ದ ಕಾಸು, ನಾಲ್ಕಾಣೆಯ ಪಾವಲಿ ಇಷ್ಟು ಸಿಕ್ಕಿದ್ದವು. ಐದನೆಯ ತರಗತಿಯ ಹುಡುಗನೊಬ್ಬನ ತಂದೆ ಕುಂಬಳೆಯ ಕಡಲ ಬದಿಯವರು. ಮುಂಬಯಿಗೆ ಹೋಗಿ, ಅಲ್ಲಿಂದ ಸರಕು ಹಡಗು ಹತ್ತಿ, ಹತ್ತಾರು ವರ್ಷ ದುಡಿದು ಊರಿಗೆ ಮರಳಿದ್ದರು. ಅವರು ತಾವಾಗಿಯೇ ಶಾಲೆಗೆ ಬಂದು, ಅಂಗಿಯ ಕಿಸೆಯಿಂದ ಎರಡು ನಾಣ್ಯ ತೆಗೆದು ನಮ್ಮ ಮೇಜಿನ ಮೇಲಿಟ್ಟರು. "ಅಲ್ಲಿಯ ಪಾವಲಿ ಮಾಸ್ಟ್ರೇ. ಮಕ್ಕಳು ನೋಡಲಿ" ಎಂದರು.

ಎರಡರಲ್ಲಿಯೂ ಒಂದೇ ಮುಖ, ಜಾರ್ಜ್ ವಾಷಿಂಗ್ಟನ್ನರದು. ಎರಡರ ಹಿಂದೆಯೂ ರೆಕ್ಕೆ ಬಿಚ್ಚಿದ ಹದ್ದು. ಗಾತ್ರದಲ್ಲಿ ವ್ಯತ್ಯಾಸವೇ ಇಲ್ಲ. ಒಂದರ ಮೇಲೆ 1965, ಅದು ಬೆಳ್ಳಗೆ ಹೊಳೆಯುತ್ತಿತ್ತು. ಇನ್ನೊಂದರ ಮೇಲೆ 1932, ಅದು ಒಲೆಯ ಮಸಿ ಹಿಡಿದಂತೆ ಕಪ್ಪಾಗಿತ್ತು. ನಾವು ಯೋಚಿಸಿದ್ದು ಇಷ್ಟೇ: ಹೊಳೆಯುವುದು ಬೆಳ್ಳಿ, ಕಪ್ಪಾದದ್ದು ಅದಕ್ಕಿಂತ ಕೀಳು ಲೋಹ. ಮಸಿಯಲ್ಲಿ ಲೇಖನಿ ಅದ್ದಿ, ನಮಗಿದ್ದ ಅಲ್ಪಸ್ವಲ್ಪ ಅಕ್ಷರ ಸೌಂದರ್ಯವನ್ನೆಲ್ಲ ಸುರಿದು ಎರಡು ಚೀಟಿ ಬರೆದೆವು. 'ಅಮೆರಿಕದ ಪಾವಲಿ. 1965. ಬೆಳ್ಳಿ.' 'ಅಮೆರಿಕದ ಪಾವಲಿ. 1932. ನಿಕ್ಕಲ್.' ಆಮೇಲೆ ಆ ಕಪ್ಪು ನಾಣ್ಯ ಗಾಜಿನ ಪೆಟ್ಟಿಗೆಗೆ ಶೋಭೆಯಲ್ಲವೆಂದು ಹುಣಿಸೆಹುಳಿ, ಬೂದಿ ಹಾಕಿ, ತೆಂಗಿನ ಸಿಪ್ಪೆಯಿಂದ ತಿಕ್ಕಿದೆವು. ಅದು ಬೆಳ್ಳಗಾಯಿತು. ಪಕ್ಕದ ನಾಣ್ಯಕ್ಕಿಂತಲೂ ಬೆಳ್ಳಗಾಯಿತು. ಆಗಲಾದರೂ ಅನುಮಾನ ಬರಬೇಕಿತ್ತು. ಸ್ವಲ್ಪ ಬಂದಿತ್ತು ಎಂಬುದನ್ನೂ ಒಪ್ಪಿಕೊಳ್ಳುತ್ತೇವೆ. ಆದರೆ ಚೀಟಿ ಬರೆದಾಗಿತ್ತು. ಅಕ್ಷರ ಚೆನ್ನಾಗಿ ಬಂದಿತ್ತು. ವಿಜ್ಞಾನದ ಅಧ್ಯಾಪಕರ ಕೋಣೆಯೂ ಅವರ ತಕ್ಕಡಿಯೂ ನಮ್ಮ ಮೇಜಿನಿಂದ ಹತ್ತು ಹೆಜ್ಜೆ ದೂರದಲ್ಲಿದ್ದವು. ನಾವು ಆ ಹತ್ತು ಹೆಜ್ಜೆ ನಡೆಯಲಿಲ್ಲ.

ಪ್ರದರ್ಶನ ಮುಗಿಯಿತು. ನಾಣ್ಯಗಳನ್ನು ಚೀಟಿಗಳೊಂದಿಗೆ ಹಿಂದಿರುಗಿಸಿದೆವು. ವಿಷಯ ಮರೆತುಹೋಯಿತು.

ಎರಡು ವರ್ಷಗಳ ಹಿಂದಿನ ಆಟಿ ತಿಂಗಳಲ್ಲಿ, ಮಳೆ ಹಿಡಿದು ಸುರಿಯುತ್ತಿದ್ದ ಒಂದು ಸಂಜೆ, ನಮ್ಮ ಅಂಗಳದಲ್ಲಿ ಒಂದು ರಿಕ್ಷಾ ಬಂದು ನಿಂತಿತು. ಇಳಿದವನು ಆ ಐದನೆಯ ತರಗತಿಯ ಹುಡುಗ. ಈಗ ತಲೆ ನರೆತಿದೆ. ಪೇಟೆಯಲ್ಲಿ ರಿಕ್ಷಾ ಓಡಿಸುತ್ತಾನೆ. ತಂದೆ ತೀರಿಕೊಂಡು ಕೆಲವು ವರ್ಷವಾಗಿದೆ. ಕೈಯಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ಸುತ್ತಿದ ಒಂದು ಬಿಸ್ಕತ್ತಿನ ಡಬ್ಬಿ. ಜಗಲಿಯಲ್ಲಿ ಕುಳಿತು ಅದನ್ನು ತೆರೆದ. ಒಳಗೆ ಒಂಬತ್ತು ನಾಣ್ಯ; ಮೇಲೆ, ಹಳದಿಯಾದ, ಮಡಿಕೆಯಲ್ಲಿ ಹರಿಯತೊಡಗಿದ ಒಂದು ಚೀಟಿ.

"ಇದು ನಿಮ್ಮ ಕೈಯ ಅಕ್ಷರ ಅಲ್ಲವಾ ಮಾಸ್ಟ್ರೇ?"

ಹೌದು, ನಮ್ಮದೇ. 'ಬೆಳ್ಳಿ' ಎಂಬ ಪದದ ಒತ್ತಕ್ಷರವನ್ನು ನಾವು ಎಳೆಯುತ್ತಿದ್ದ ಬಗೆ ಬೇರೆ ಯಾರದೂ ಅಲ್ಲ.

ಅವನ ಮಗಳಿಗೆ ಮಂಗಳೂರಿನ ಕಡೆ ನರ್ಸಿಂಗ್ ಓದಲು ಸೀಟು ಸಿಕ್ಕಿತ್ತು. ಹಣ ಹೊಂದಿಸುವ ಚಿಂತೆಯಲ್ಲಿದ್ದಾಗ, 1965ರ ಬೆಳ್ಳಿಯ ಅಮೆರಿಕನ್ ಪಾವಲಿಗೆ ಲಕ್ಷಗಟ್ಟಲೆ ಕ್ರಯ ಕೊಡುತ್ತೇವೆಂಬ ಜಾಹೀರಾತು ಮೊಬೈಲಿನಲ್ಲಿ ಕಣ್ಣಿಗೆ ಬಿತ್ತು. ಅವನು ನಾಣ್ಯದ ಪಟ, ಚೀಟಿಯ ಪಟ ಎರಡನ್ನೂ ಕಳುಹಿಸಿದ. ಮರುದಿನವೇ ಫೋನು ಬಂತು. ಆರು ಲಕ್ಷಕ್ಕೆ ಒಪ್ಪಂದವಾಯಿತು. ನೋಂದಣಿಗೆಂದು 1,500 ರೂಪಾಯಿ ಕೇಳಿದರು, ಕೊಟ್ಟ. ಈಗ ತೆರಿಗೆಯ ಬಾಬ್ತು 14,500 ಕಟ್ಟಬೇಕಂತೆ. ಹೆಂಡತಿಯ ಬಳೆಯನ್ನು ಸೊಸೈಟಿಯಲ್ಲಿ ಅಡವಿಡಲು ಮರುದಿನ ಹೋಗುವವನಿದ್ದ. ಅದಕ್ಕೆ ಮೊದಲು ನಮ್ಮಲ್ಲಿಗೆ ಬಂದದ್ದು ಸಲಹೆ ಕೇಳುವುದಕ್ಕಲ್ಲ.

"ಬೆಳ್ಳಿ ಎಂಬುದಕ್ಕೆ ಒಂದು ಸರ್ಟಿಫಿಕೇಟು ಬೇಕಂತೆ. ನೀವು ಹೆಡ್ಮಾಸ್ಟ್ರಾಗಿದ್ದವರು, ನೀವೇ ಬರೆದಿದ್ದೀರಿ ಕೂಡ. ಒಂದು ಒಳ್ಳೆಯ ಕಾಗದದಲ್ಲಿ ಬರೆದು ಸಹಿ ಹಾಕಿ ಕೊಟ್ಟರೆ ಆಯಿತು."

ಆ ಕ್ಷಣದಲ್ಲಿ ನಮಗೆ ನಾಣ್ಯದ ವಿಚಾರ ಏನೂ ತಿಳಿದಿರಲಿಲ್ಲ. ಮೋಸವಿದೆ ಎಂಬುದು ಮಾತ್ರ ಹೊಳೆಯಿತು. ಕೊಳ್ಳುವವನು ಹಣ ಕೊಡಬೇಕೇ ಹೊರತು ಮಾರುವವನಿಂದ ಕೇಳಬಾರದು, ಇದಕ್ಕೆ ಬಿ.ಎ., ಬಿ.ಎಡ್. ಬೇಡ. ಹಳೆಯ ನಾಣ್ಯ, ನೋಟುಗಳ ವ್ಯಾಪಾರದ ಹೆಸರಿನಲ್ಲಿ ಶುಲ್ಕವೋ ಕಮಿಷನ್ನೋ ತೆರಿಗೆಯೋ ಎಂದು ಹಣ ಕೀಳುವವರ ಬಗ್ಗೆ ಭಾರತೀಯ ರಿಸರ್ವ್ ಬ್ಯಾಂಕು 2021ರ ಆಗಸ್ಟಿನಲ್ಲೇ ಸಾರ್ವಜನಿಕರಿಗೆ ಎಚ್ಚರಿಕೆ ಕೊಟ್ಟಿತ್ತು. ಅದನ್ನು ಹೇಳಿದೆವು. ಅವನು ಚೀಟಿಯ ಕಡೆಗೆ ನೋಡಿದ. ಫೋನಿನವನ ಮಾತು ಸುಳ್ಳಿರಬಹುದು. ಆದರೆ ಚೀಟಿ ಸುಳ್ಳಾಗಲಾರದು, ಅದು ಮಾಸ್ಟ್ರು ಬರೆದದ್ದು, ಎಂಬುದು ಅವನ ಮುಖದಲ್ಲಿತ್ತು. ಒಂದು ದಿನದ ಅವಕಾಶ ಕೇಳಿದೆವು. ಬಳೆ ಅಡವಿಡುವುದಿಲ್ಲವೆಂದು ಮಾತು ತೆಗೆದುಕೊಂಡೆವು. ಡಬ್ಬಿಯನ್ನು ಅವನು ನಮ್ಮಲ್ಲಿಯೇ ಬಿಟ್ಟು ಹೋದ.

ನಮ್ಮ ತಂಗಿಯ ಮಗ ಅಮೆರಿಕದಲ್ಲಿ ಉದ್ಯೋಗದಲ್ಲಿದ್ದಾನೆ. ರಾತ್ರಿ ಅವನಿಗೆ ಫೋನು ಮಾಡಿದೆವು. ಬಟ್ಟೆ ಒಗೆಯುವ ಯಂತ್ರಕ್ಕೆ ಹಾಕಲೆಂದು ಅವನು ದಿನವೂ ಕಾಲು ಡಾಲರುಗಳನ್ನು ಕೂಡಿಹಾಕಿದವನು. ನಾವು ಇಸವಿ ಹೇಳುತ್ತಿದ್ದಂತೆಯೇ, "ಮಾವ, ಮುಖ ನೋಡಬೇಡಿ, ಅಂಚು ನೋಡಿ" ಎಂದ. ಟಾರ್ಚು ಹಿಡಿದು ನೋಡಿದೆವು. 1965ರ ನಾಣ್ಯದ ಅಂಚಿನ ಉದ್ದಕ್ಕೂ, ಎರಡು ಬಿಳಿ ಪದರಗಳ ನಡುವೆ, ಕಂದುಗೆಂಪಿನ ಒಂದು ಗೆರೆ ಓಡಿತ್ತು. 1932ರದರ ಅಂಚು ಒಂದೇ ಬಣ್ಣ, ಒಳಗಿನವರೆಗೂ ಬೆಳ್ಳಿ. ಗಡಿಯಲ್ಲೇ ಹುಟ್ಟಿ ಬೆಳೆದ ನಾವು, ವಸ್ತುವಿನ ಸತ್ಯ ಅದರ ಅಂಚಿನಲ್ಲಿ ಕಾಣುತ್ತದೆಂಬುದನ್ನು ಎಪ್ಪತ್ತರ ಮೇಲೆ ಕಲಿತೆವು.

ಆ ರಾತ್ರಿಯೂ ಮುಂದಿನ ಕೆಲವು ವಾರಗಳೂ ಈ ನಾಣ್ಯದ ಚರಿತ್ರೆಯನ್ನು ಓದುತ್ತ ಹೋದೆವು. ಚರಿತ್ರೆಯ ಅಧ್ಯಾಪಕರಿಗೆ ಅದರಲ್ಲಿ ರುಚಿ ಹತ್ತಿದ್ದು ಆಶ್ಚರ್ಯವಲ್ಲ. ತಿಳಿದದ್ದನ್ನು ಸಂಕ್ಷೇಪವಾಗಿ ಇಲ್ಲಿ ಇಡುತ್ತೇವೆ. ಯಾರ ಮನೆಯ ಡಬ್ಬಿಯಲ್ಲಾದರೂ ಇಂಥ ನಾಣ್ಯ ಇದ್ದರೆ ಉಪಯೋಗಕ್ಕೆ ಬಂದೀತು.

ಅಮೆರಿಕದಲ್ಲಿ ಟಂಕಸಾಲೆ ಸ್ಥಾಪನೆಗೆ ಕಾನೂನಾದದ್ದು 1792ರಲ್ಲಿ. ಮೊದಲ ಕಾಲು ಡಾಲರು ಹೊರಟದ್ದು 1796ರಲ್ಲಿ. ಆ ವರ್ಷ ಅಚ್ಚಾದದ್ದು ಕೇವಲ 6,146. ಅಲ್ಲಿಂದ 1964ರವರೆಗೆ ಅದು ಬೆಳ್ಳಿಯ ನಾಣ್ಯವೇ. 1837ರಿಂದ ಬೆಳ್ಳಿಯ ಪ್ರಮಾಣ ನೂರಕ್ಕೆ 90, ತಾಮ್ರ 10. ಅಪ್ಪಟ ಬೆಳ್ಳಿ ಮೆದುವಾದ್ದರಿಂದ ಗಟ್ಟಿ ಬರಲೆಂದು ತಾಮ್ರ. 1873ರಿಂದ ತೂಕ 6.25 ಗ್ರಾಂ. ಅಂದರೆ ಸವೆಯದ ನಾಣ್ಯವೊಂದರಲ್ಲಿ ಶುದ್ಧ ಬೆಳ್ಳಿ 5.625 ಗ್ರಾಂ. ಅಂಚಿನ ಸುತ್ತ ಸಾಲಾಗಿ ಕೊರೆದ ಗೀರುಗಳು 119. ಬೆಳ್ಳಿಯನ್ನು ಅಂಚಿನಿಂದ ಕೆರೆದು ಕದಿಯುವವರನ್ನು ತಡೆಯಲು ಹುಟ್ಟಿದ ಉಪಾಯ ಅದು. ಕೆರೆದರೆ ಗೀರು ಮಾಯವಾಗಿ ಕಳವು ಬಯಲಾಗುತ್ತದೆ. ಕೆರೆಯಲು ಬೆಳ್ಳಿಯೇ ಇಲ್ಲದ ಇಂದಿನ ನಾಣ್ಯದಲ್ಲಿಯೂ ಗೀರುಗಳು ಉಳಿದಿವೆ.

1960ರ ಆಸುಪಾಸಿನಲ್ಲಿ ಬೆಳ್ಳಿಯ ಬೆಲೆ ಏರತೊಡಗಿತು. ಒಂದು ಔನ್ಸು ಬೆಳ್ಳಿಗೆ 1 ಡಾಲರು 38 ಸೆಂಟು ದಾಟಿದರೆ ಕಾಲು ಡಾಲರಿನಲ್ಲಿರುವ ಬೆಳ್ಳಿಗೆ ಕಾಲು ಡಾಲರಿಗಿಂತ ಹೆಚ್ಚು ಬೆಲೆ ಬರುತ್ತದೆ. ಆಮೇಲೆ ಅದನ್ನು ಅಂಗಡಿಯಲ್ಲಿ ಕೊಡುವವರು ಯಾರು? ಜನ ನಾಣ್ಯ ಕೂಡಿಡತೊಡಗಿದರು. ಚಿಲ್ಲರೆಗೆ ಬರ ಬಂತು. ಸರಕಾರದ ಬೆಳ್ಳಿಯ ದಾಸ್ತಾನು ಕರಗುತ್ತಿತ್ತು. 1965ರ ಜುಲೈ 23ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ನರು ಹೊಸ ನಾಣ್ಯ ಕಾಯಿದೆಗೆ ಸಹಿ ಹಾಕಿದರು. ಕಾಲು ಡಾಲರಿನಿಂದ ಬೆಳ್ಳಿ ಪೂರ್ತಿ ಹೊರಟುಹೋಯಿತು. ಹೊಸತರಲ್ಲಿ ನಡುವೆ ಶುದ್ಧ ತಾಮ್ರ, ಎರಡು ಬದಿಗೂ ತಾಮ್ರ 75, ನಿಕ್ಕಲ್ 25ರ ಬಿಳಿ ಪದರ. ಒಟ್ಟು ಲೆಕ್ಕ ಹಾಕಿದರೆ ನೂರರಲ್ಲಿ ಸುಮಾರು 92 ಪಾಲು ತಾಮ್ರವೇ. ತೂಕ 5.67 ಗ್ರಾಂ. ಇಂಥ ಮೂರು ಪದರದ ರೊಟ್ಟಿಯನ್ನು ಆರಿಸಿದ್ದಕ್ಕೆ ಒಂದು ಕಾರಣವಿತ್ತು. ಆ ದೇಶದಲ್ಲಿ ಆಗಲೇ ನಾಣ್ಯ ಹಾಕಿ ವಸ್ತು ಪಡೆಯುವ ಯಂತ್ರಗಳು ಎಲ್ಲೆಡೆ ಇದ್ದವು. ಅವು ನಾಣ್ಯದ ವಿದ್ಯುತ್ ಗುಣವನ್ನು ಪರೀಕ್ಷಿಸಿ ಒಳಗೆ ಬಿಡುತ್ತಿದ್ದವು. ಒಳಗೆ ತಾಮ್ರವಿದ್ದ ಈ ಹೊಸ ನಾಣ್ಯವನ್ನು ಅವು ಬೆಳ್ಳಿಯೆಂದೇ ತಿಳಿದು ಒಪ್ಪಿಕೊಂಡವು. ಯಂತ್ರಗಳೇ ಮೋಸ ಹೋದ ಮೇಲೆ ನಾವು ಹೋದದ್ದರಲ್ಲಿ ಏನು ವಿಶೇಷ ಎಂದು ಒಂದು ಗಳಿಗೆ ಸಮಾಧಾನ ಮಾಡಿಕೊಂಡೆವು. ಆದರೆ ಯಂತ್ರ ಚೀಟಿ ಬರೆದುಕೊಡುವುದಿಲ್ಲ.

ಹಳೆಯದು ಹೊಸದು ಎರಡೂ ಜೊತೆಜೊತೆಯಾಗಿ ಚಲಾವಣೆಯಲ್ಲಿರುತ್ತವೆ ಎಂದು ಜಾನ್ಸನ್ನರು ಭರವಸೆ ಕೊಟ್ಟಿದ್ದರು. ಹಾಗಾಗಲಿಲ್ಲ. ಕೆಲವೇ ವರ್ಷಗಳಲ್ಲಿ ಬೆಳ್ಳಿಯ ನಾಣ್ಯ ಕಿಸೆಗಳಿಂದ ಮಾಯವಾಗಿ ಪೆಟ್ಟಿಗೆ ಸೇರಿತು. ಕೆಟ್ಟ ಹಣ ಒಳ್ಳೆಯ ಹಣವನ್ನು ಓಡಿಸುತ್ತದೆ ಎಂಬ ಗ್ರೇಷಮ್ ನಿಯಮವನ್ನು ನಾವೇ ಮಕ್ಕಳಿಗೆ ಉರುಹೊಡೆಸಿದ್ದೆವು. ನಮ್ಮಲ್ಲಿಯೂ ನಡೆದದ್ದು ಅದೇ ತಾನೇ? ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿಯಿದ್ದ ರಾಣಿಯ, ರಾಜರ ರೂಪಾಯಿ, ಯುದ್ಧದ ಕಾಲದಲ್ಲಿ 1940ರಿಂದ ಅರ್ಧ ಬೆಳ್ಳಿಯಾಗಿ, 1947ರಲ್ಲಿ ನಿಕ್ಕಲ್ ಆಯಿತು. ನಮ್ಮ ಅಜ್ಜಿ ರಾಣಿಯ ರೂಪಾಯಿಗಳನ್ನು ಬಟ್ಟೆಯ ಗಂಟಿನಲ್ಲಿ ಕಟ್ಟಿ ಅಕ್ಕಿಯ ಮುಡಿಯೊಳಗೆ ಇಟ್ಟಿದ್ದು ಗ್ರೇಷಮ್ಮನನ್ನು ಓದಿ ಅಲ್ಲ. ಒಂದು ವ್ಯತ್ಯಾಸ ಮಾತ್ರ ಇದೆ. ಅಮೆರಿಕದ ಪಾವಲಿ ಲೋಹ ಬದಲಿಸಿಯೂ ಬದುಕಿದೆ. 1796ರ ಕಾಲು ಡಾಲರಿಗೂ ಇಂದಿನದಕ್ಕೂ ಹೆಸರು ಒಂದೇ. ನಮ್ಮ ಪಾವಲಿ 1957ರಲ್ಲಿ 25 ನಯಾಪೈಸೆಯಾಗಿ, 2011ರ ಜೂನ್ 30ಕ್ಕೆ ಚಲಾವಣೆಯಿಂದಲೇ ಹೊರಟುಹೋಯಿತು.

ಮರುದಿನ ಬೆಳಿಗ್ಗೆ ಅವನು ಬಂದಾಗ ಅಂಚಿನ ಗೆರೆಯನ್ನು ತೋರಿಸಿದೆವು. ನೋಡಿದ, ಏನೂ ಹೇಳಲಿಲ್ಲ. ಒಮ್ಮೆ ಬೆಳ್ಳಿಯೆಂದು ಬರೆದುಕೊಟ್ಟವರು ಈಗ ಅಲ್ಲವೆಂದರೆ, ಯಾವ ಮಾತನ್ನು ನಂಬಬೇಕು? ಅದು ನ್ಯಾಯವಾದ ಪ್ರಶ್ನೆ. ತಕ್ಕಡಿಯೇ ಹೇಳಲಿ ಎಂದು ಅವನ ರಿಕ್ಷಾದಲ್ಲಿಯೇ ಪೇಟೆಗೆ ಹೋದೆವು. ಚಿನ್ನದ ಕೆಲಸ ಮಾಡುವ ಆಚಾರ್ಯರೊಬ್ಬರು ನಮಗೆ ಪರಿಚಿತರು. ಅವರ ವಿದ್ಯುತ್ ತಕ್ಕಡಿ ಗ್ರಾಮಿನ ನೂರನೆಯ ಒಂದು ಪಾಲನ್ನೂ ತೋರಿಸುತ್ತದೆ.

1965ರದು 5.66 ತೂಗಿತು. 1932ರದು ಸವೆದಿದ್ದರೂ 6.12 ತೂಗಿತು. ಆಮೇಲೆ, ನಾವು ಹಿಂದಿನ ರಾತ್ರಿ ಓದಿಕೊಂಡಂತೆ, ತಕ್ಕಡಿಯ ಮೇಲೆ ಒಂದು ಲೋಟ ನೀರಿಟ್ಟು, ಅಂಕಿಯನ್ನು ಸೊನ್ನೆಗೆ ತಂದು, ನಾಣ್ಯಕ್ಕೆ ನೂಲು ಕಟ್ಟಿ ತಳ ಮುಟ್ಟದಂತೆ ನೀರಿನಲ್ಲಿ ಮುಳುಗಿಸಿದೆವು. ಆಗ ತಕ್ಕಡಿ ತೋರಿಸುವುದು ನಾಣ್ಯ ಪಕ್ಕಕ್ಕೆ ಸರಿಸಿದ ನೀರಿನ ತೂಕ. 1932ರದಕ್ಕೆ 0.59 ಬಂತು, 6.12ನ್ನು ಅದರಿಂದ ಭಾಗಿಸಿದರೆ 10.37. ನೂರಕ್ಕೆ 90 ಬೆಳ್ಳಿಯಿದ್ದರೆ ಸುಮಾರು 10.3 ಬರಬೇಕು. 1965ರದಕ್ಕೆ 0.64 ಬಂತು; ಭಾಗಿಸಿದರೆ 8.84. ಅದು ತಾಮ್ರದ ನೆರೆಹೊರೆಯ ಸಂಖ್ಯೆ. ಆರ್ಕಿಮಿಡೀಸನ ಕತೆ ಹೇಳಿ ಮಕ್ಕಳನ್ನು ನಗಿಸಿದವರು ನಾವು. ಅವನ ಲೆಕ್ಕವನ್ನು ಕೈಯಾರೆ ಮಾಡಿದ್ದು ಅಂದೇ ಮೊದಲು. ಹಳೆಯ ವಿದ್ಯಾರ್ಥಿ ಕಾಗದದ ಮೇಲೆ ತಾನೇ ಭಾಗಾಕಾರ ಮಾಡಿ ನೋಡಿದ. ಉತ್ತರ ಅಷ್ಟೇ ಬಂತು.

ಒಂದು ಸೂಕ್ಷ್ಮವನ್ನು ಇಲ್ಲಿ ಹೇಳಬೇಕು. ಫೋನಿನವನು ಪೂರ್ತಿ ಇಲ್ಲದ್ದನ್ನು ಹೇಳಿರಲಿಲ್ಲ. ಲೋಹ ಬದಲಾದ ಆ ವರ್ಷ ಟಂಕಸಾಲೆಯಲ್ಲಿ ಹಳೆಯ ಬೆಳ್ಳಿಯ ಬಿಲ್ಲೆಗಳು ಅಲ್ಲೊಂದು ಇಲ್ಲೊಂದು ಉಳಿದು, 1965ರ ಅಚ್ಚಿನ ಕೆಳಗೆ ಸಿಕ್ಕಿಬಿದ್ದದ್ದುಂಟು. ಅಂಥ ಬೆಳ್ಳಿಯ 1965 ನಾಣ್ಯಗಳು ಬೆರಳೆಣಿಕೆಯಷ್ಟು. ಅವಕ್ಕೆ ಸಂಗ್ರಾಹಕರು ಸಾವಿರಾರು ಡಾಲರು ಕೊಡುತ್ತಾರೆ. ಮೋಸಗಾರನ ಸುಳ್ಳಿಗೆ ಒಂದು ಸತ್ಯದ ಕಾಲು ಇತ್ತು. ಇನ್ನೊಂದು ಕಾಲನ್ನು ನಮ್ಮ ಚೀಟಿ ಕೊಟ್ಟಿತ್ತು.

ಉಳಿದ ನಾಣ್ಯಗಳನ್ನೂ ತೂಗಿದೆವು. 1951, 1964ರವು ಬೆಳ್ಳಿ. 1967, 1970, 1974ರವು ಅಲ್ಲ. ಇನ್ನೆರಡರ ಮೇಲೆ 1776–1976 ಎಂದು ಎರಡು ಇಸವಿ, ಹಿಂದೆ ಡೋಲು ಬಾರಿಸುವ ಯೋಧ. ಅಮೆರಿಕದ ಸ್ವಾತಂತ್ರ್ಯದ ಇನ್ನೂರನೆಯ ವರ್ಷದ ನೆನಪಿನವು. ನೋಡಲು ವಿಶೇಷವಾದ್ದರಿಂದ ಬಹಳ ಜನ ಅವನ್ನು ಜೋಪಾನ ಮಾಡಿದ್ದಾರೆ. ಆದರೆ ಅವು ನೂರು ಕೋಟಿಗಿಂತಲೂ ಹೆಚ್ಚು ಅಚ್ಚಾಗಿವೆ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಸಂಗ್ರಾಹಕರಿಗೆಂದೇ ಮಾಡಿದವುಗಳಲ್ಲಿ ಮಾತ್ರ ನೂರಕ್ಕೆ 40 ಬೆಳ್ಳಿ ಇರುವ ಬಗೆಯೊಂದಿದೆ. ಅದರ ತೂಕ 5.75 ಗ್ರಾಂ, ಮೇಲೆ 'ಎಸ್' ಎಂಬ ಅಕ್ಷರ. ನಮ್ಮ ಡಬ್ಬಿಯವು ಅವಲ್ಲ.

ಆಮೇಲೆ ಆಚಾರ್ಯರು 1932ರ ನಾಣ್ಯವನ್ನು ಭೂತಗನ್ನಡಿಯ ಕೆಳಗೆ ಹಿಡಿದು ತಿರುಗಿಸಿ ನೋಡಿದರು. "ಇದನ್ನು ಯಾರೋ ಬೂದಿ ಹಾಕಿ ತಿಕ್ಕಿದ್ದಾರೆ. ಮೈಯೆಲ್ಲ ಗೀರು" ಎಂದರು.

ಅಂಗಡಿಯಲ್ಲಿ ನಾವು ಮೂವರೇ ಇದ್ದೆವು. ಸುಮ್ಮನಿದ್ದರೂ ಆಗುತ್ತಿತ್ತು. "ತಿಕ್ಕಿದ್ದು ನಾವು" ಎಂದೆವು.

1932 ಎಂಬುದು ಸಾಮಾನ್ಯ ಇಸವಿಯಲ್ಲ. ವಾಷಿಂಗ್ಟನ್ನರ ಇನ್ನೂರನೆಯ ಹುಟ್ಟುಹಬ್ಬಕ್ಕೆಂದು, ಜಾನ್ ಫ್ಲಾನಗನ್ ಎಂಬ ಶಿಲ್ಪಿ ರೂಪಿಸಿದ ಈ ನಾಣ್ಯ ಮೊದಲು ಹೊರಟ ವರ್ಷ ಅದು. ಮೂರು ಊರುಗಳಲ್ಲಿ ಅಚ್ಚಾಯಿತು. ಫಿಲಡೆಲ್ಫಿಯದಲ್ಲಿ 54,04,000, ಡೆನ್ವರಿನಲ್ಲಿ 4,36,800, ಸ್ಯಾನ್ ಫ್ರಾನ್ಸಿಸ್ಕೊದಲ್ಲಿ 4,08,000. ಡೆನ್ವರಿನದಕ್ಕೆ 'ಡಿ', ಸ್ಯಾನ್ ಫ್ರಾನ್ಸಿಸ್ಕೊದ್ದಕ್ಕೆ 'ಎಸ್' ಎಂದು ಹದ್ದಿನ ಕೆಳಗೆ, ಆಲಿವ್ ಟೊಂಗೆಗಳ ಬುಡದಲ್ಲಿ ಸಣ್ಣ ಅಕ್ಷರ. ಫಿಲಡೆಲ್ಫಿಯದ್ದಕ್ಕೆ ಆಗ ಗುರುತೇ ಇರಲಿಲ್ಲ. ಆ ಒಂದು ಅಕ್ಷರವಿದ್ದ 1932ರ ನಾಣ್ಯಗಳನ್ನು ಸಂಗ್ರಾಹಕರು ಇಂದಿಗೂ ಹುಡುಕುತ್ತಾರೆ. ಲೋಹ, ತೂಕ, ಮುಖ ಎಲ್ಲ ಒಂದೇ ಆದರೂ ಬೆಲೆ ಎಷ್ಟೋ ಪಟ್ಟು. ಭೂತಗನ್ನಡಿಯನ್ನು ನಾವು ಕೈಗೆ ತೆಗೆದುಕೊಂಡು ಆ ಜಾಗವನ್ನು ನೋಡಿದೆವು. ಕೈ ನಡುಗಿತು ಎಂದರೆ ಅತಿಶಯವಲ್ಲ. ಅಕ್ಷರ ಇರಬಾರದು ಎಂದು ಹಾರೈಸಿದೆವು. ಇದ್ದಿದ್ದರೆ ಆ ಮಗುವಿನ ಓದಿನ ಒಂದು ಪಾಲನ್ನು ನಾವು ತೆಂಗಿನ ಸಿಪ್ಪೆಯಿಂದ ತಿಕ್ಕಿ ತೆಗೆದಂತಾಗುತ್ತಿತ್ತು. ಅಕ್ಷರ ಇರಲಿಲ್ಲ.

ಸಂಗ್ರಾಹಕರ ಲೋಕದ ನ್ಯಾಯ ವಿಚಿತ್ರ. 1949ರಲ್ಲಿ ವಿಲಿಯಂ ಶೆಲ್ಡನ್ ಎಂಬವರು ಹಾಕಿಕೊಟ್ಟ ಅಳತೆಯಂತೆ ನಾಣ್ಯದ ಸ್ಥಿತಿಗೆ 1ರಿಂದ 70ರವರೆಗೆ ಅಂಕ ಕೊಡುತ್ತಾರೆ; ಸವೆದು ಗುರುತು ಮಾತ್ರ ಉಳಿದದ್ದಕ್ಕೆ 1, ಒಂದು ಕುಂದೂ ಇಲ್ಲದ್ದಕ್ಕೆ 70. ಸವೆತ ಅಂಕ ಕಡಿಮೆ ಮಾಡುತ್ತದೆ, ಆದರೆ ಸವೆತ ಅಪರಾಧವಲ್ಲ. ಕೈಯಿಂದ ಕೈಗೆ ದಾಟಿದ ನಾಣ್ಯ ಸವೆಯಲೇಬೇಕು. ತಿಕ್ಕಿ ತೊಳೆಯುವುದು ಅಪರಾಧ. ಗಾಳಿಯಲ್ಲಿರುವ ಗಂಧಕದಿಂದ ಬೆಳ್ಳಿಯ ಮೇಲೆ ವರ್ಷಗಟ್ಟಲೆ ಕೂರುವ ಕಪ್ಪು ಅವರಿಗೆ ಕೊಳೆಯಲ್ಲ. ನಾಣ್ಯವನ್ನು ಯಾರೂ ಮುಟ್ಟಿ ಕೆಡಿಸಿಲ್ಲ ಎಂಬುದಕ್ಕೆ ಸಾಕ್ಷಿ. ಬೂದಿಯಲ್ಲಿ ಬೆಳಗಿದ ನಾಣ್ಯದಲ್ಲಿ ಉಳಿಯುವುದು ಲೋಹದ ಬೆಲೆ ಮಾತ್ರ. ನಾವು ಕೊಳೆಯೆಂದು ತೆಗೆದದ್ದು ಅದರ ಜಾತಕವನ್ನು.

ಮೂರು ಬೆಳ್ಳಿಯ ನಾಣ್ಯಗಳಲ್ಲಿ ಸೇರಿ ಶುದ್ಧ ಬೆಳ್ಳಿ ಹದಿನಾರು ಗ್ರಾಂ ಚಿಲ್ಲರೆ. ಮಗುವಿನ ಕಾಲಿಗೆ ಒಂದು ಜೊತೆ ತೆಳು ಗೆಜ್ಜೆಯಾದೀತು. ಆರು ಲಕ್ಷ ಹೋಗಿ ಗೆಜ್ಜೆಗೆ ಇಳಿದದ್ದನ್ನು ಅವನು ಮೌನವಾಗಿ ಕೇಳಿಕೊಂಡ. ಅಂಗಡಿಯಿಂದಲೇ ಸೈಬರ್ ವಂಚನೆಯ ದೂರಿಗಿರುವ 1930 ಸಂಖ್ಯೆಗೆ ಫೋನು ಮಾಡಿಸಿದೆವು. ದೂರು ದಾಖಲಾಯಿತು, 1,500 ರೂಪಾಯಿ ಇಂದಿನವರೆಗೆ ಬಂದಿಲ್ಲ. ಆ ಹಣವನ್ನು ನಾವು ಕೊಡುತ್ತೇವೆ, ಅದು ನಮ್ಮ ಚೀಟಿಗೆ ಬಿದ್ದ ದಂಡ ಎಂದೆವು. "ಬೇಡ ಮಾಸ್ಟ್ರೇ, ಬಳೆ ಉಳಿಯಿತಲ್ಲ" ಎಂದ. ಮಗಳ ಓದಿಗೆ ಕೊನೆಗೆ ಬ್ಯಾಂಕಿನಲ್ಲಿ ಶಿಕ್ಷಣ ಸಾಲ ಮಾಡಿದ. ಅರ್ಜಿ ತುಂಬಲು ನಾವು ಜೊತೆಗೆ ಹೋಗಿದ್ದೆವು. ಪ್ರತಿಯೊಂದು ಅಂಕಿಯನ್ನೂ ಎರಡೆರಡು ಬಾರಿ ನೋಡಿ ಬರೆದೆವು.

ಆ ದಿನ ಮನೆಗೆ ಹಿಂದಿರುಗುವಾಗ ಮಳೆ ಬಿಟ್ಟಿತ್ತು. ರಿಕ್ಷಾ ಓಡಿಸುತ್ತಲೇ ಅವನು ತಂದೆಯ ವಿಷಯ ಹೇಳಿದ. ಹಡಗಿನಲ್ಲಿ ಅವರದು ಎಂಜಿನ್ ಕೋಣೆಯ ಕೆಲಸ. ಬಂದರಿನಲ್ಲಿ ಇಳಿದಾಗ ಕೈಗೆ ಬಂದ ಚಿಲ್ಲರೆಯಲ್ಲಿ ಒಂದೊಂದನ್ನು ಉಳಿಸಿಕೊಂಡು ಬಂದದ್ದೇ ಈ ಡಬ್ಬಿ. ಊರಿಗೆ ಮರಳಿದ ಮೇಲೆ ಯಾರೂ ಅವರ ಹಡಗಿನ ಕತೆ ಕೇಳಲಿಲ್ಲ. ಶಾಲೆಯ ಗಾಜಿನ ಪೆಟ್ಟಿಗೆಯಲ್ಲಿ ತನ್ನ ನಾಣ್ಯವಿದ್ದ ಮೂರು ದಿನವೂ ಅವರು ಬಂದು ದೂರದಲ್ಲಿ ನಿಂತು, ಮಕ್ಕಳು ಚೀಟಿ ಓದುವುದನ್ನು ನೋಡುತ್ತಿದ್ದರಂತೆ. ನಮಗೆ ಅದು ಗೊತ್ತೇ ಇರಲಿಲ್ಲ.

"ಅಪ್ಪ ಅದನ್ನು ಬೆಳ್ಳಿ ಅಂತ ಇಟ್ಟುಕೊಂಡದ್ದಲ್ಲ ಮಾಸ್ಟ್ರೇ. ಶಾಲೆಯಲ್ಲಿ ಇಟ್ಟದ್ದು ಅಂತ ಇಟ್ಟುಕೊಂಡದ್ದು" ಎಂದ.

ಜಗಲಿಯಲ್ಲಿ ಕುಳಿತು ಚಹಾ ಕುಡಿದು ಏಳುವಾಗ ಅವನೇ ಕೇಳಿದ: "ಹಾಗಾದರೆ ಸರಿಯಾದ್ದು ಒಂದು ಬರೆದುಕೊಡಿ." ನಾವು ಕನ್ನಡಕ ಹಾಕಿಕೊಂಡು, ಒಂದು ಬಿಳಿ ಕಾಗದದ ಮೇಲೆ, ಒಂಬತ್ತು ನಾಣ್ಯಗಳಿಗೆ ಒಂಬತ್ತು ಸಾಲು ಬರೆದೆವು. ಇಸವಿ, ತೂಕ, ಲೋಹ. 'ಅಮೆರಿಕದ ಪಾವಲಿ. 1965. 5.66 ಗ್ರಾಂ. ತಾಮ್ರ ಮತ್ತು ನಿಕ್ಕಲ್.' 'ಅಮೆರಿಕದ ಪಾವಲಿ. 1932. 6.12 ಗ್ರಾಂ. ಬೆಳ್ಳಿ ಹತ್ತರಲ್ಲಿ ಒಂಬತ್ತು ಪಾಲು.' ಕೆಳಗೆ 'ಯಾವುದನ್ನೂ ತಿಕ್ಕಬಾರದು' ಎಂದು ಸೇರಿಸಿ, ತಾರೀಕು ಹಾಕಿ, ಸಹಿ ಮಾಡಿದೆವು. ಅಕ್ಷರ ಮೊದಲಿನಂತೆ ಬರಲಿಲ್ಲ. ಕೈ ಈಗ ನಡುಗುತ್ತದೆ. ಹಳೆಯ ಚೀಟಿಯನ್ನು ನಮಗೆ ಕೊಡು, ಹರಿದುಹಾಕುತ್ತೇವೆ ಎಂದು ಕೇಳಿದೆವು.

"ಅದು ಬೇಡ, ಅದು ಅಪ್ಪನದ್ದು" ಎಂದು ಅವನು ಎರಡನ್ನೂ ಮಡಚಿ ಡಬ್ಬಿಯೊಳಗಿಟ್ಟು ಮುಚ್ಚಳ ಹಾಕಿದ.

ಮೂವತ್ತು ವರ್ಷ ಅಧ್ಯಾಪಕರಾಗಿ, ಮುಖ್ಯೋಪಾಧ್ಯಾಯರಾಗಿ ನಾವು ಬರೆದುಕೊಟ್ಟ ಕಾಗದಗಳಿಗೆ ಲೆಕ್ಕವಿಲ್ಲ. ಪ್ರಗತಿಪತ್ರ, ನಡತೆಯ ಪ್ರಮಾಣಪತ್ರ, 'ಈತ ಬುದ್ಧಿವಂತ', 'ಈಕೆಗೆ ಗಣಿತ ಹತ್ತದು' ಎಂಬ ಷರಾಗಳು. ಅವುಗಳಲ್ಲಿ ಎಷ್ಟನ್ನು ತೂಗಿ ಬರೆದಿದ್ದೆವು, ಎಷ್ಟನ್ನು ಹೊಳಪು ನೋಡಿ ಬರೆದಿದ್ದೆವು ಎಂದು ಈಗ ರಾತ್ರಿ ನಿದ್ದೆ ಬಾರದಾಗ ಯೋಚಿಸುತ್ತೇವೆ. ಕಪ್ಪಗೆ ಕುಳಿತಿದ್ದ ಯಾವ ಮಗುವನ್ನು ನಿಕ್ಕಲ್ ಎಂದು ಬರೆದೆವೋ ತಿಳಿಯದು. ಆ ಕಾಗದಗಳು ಯಾವ ಯಾವ ಮನೆಗಳ ಡಬ್ಬಿಗಳಲ್ಲಿ ಮಡಚಿಕೊಂಡು ಕುಳಿತಿವೆಯೋ, ಅದೂ ತಿಳಿಯದು. ಈ ಸಂಚಿಕೆ ಅಂಥ ಯಾವುದಾದರೂ ಮನೆಯನ್ನು ತಲುಪಿದರೆ, ಅದನ್ನು ಹಿಡಿದುಕೊಂಡು ಬನ್ನಿ. ಜಗಲಿಯಲ್ಲಿ ಕುಳಿತು ಇನ್ನೊಮ್ಮೆ ನೋಡೋಣ.